ಮಗಳು ಬರೆದ ಇತಿಹಾಸ: ಅನ್ನಾ ಕೊಮ್ನೇನಾ ಮತ್ತು ಆಕೆಯ ‘ಅಲೆಕ್ಸಿಯಾಡ್’

ತಂದೆತಾಯಿಯರನ್ನು ಗೌರವಿಸಬೇಕೆಂಬುದು ದೇವರ ನಾಲ್ಕನೆಯ ಆಜ್ಞೆ. ಸುಳ್ಳುಸಾಕ್ಷಿ ಹೇಳಬಾರದೆಂಬುದು ಎಂಟನೆಯದು. ಇವೆರಡನ್ನೂ ಬಾಲ್ಯದ ಧರ್ಮೋಪದೇಶದ ತರಗತಿಯಲ್ಲೇ ನಾವು ಬಾಯಿಪಾಠ ಮಾಡಿದ್ದೇವೆ. ಆದರೆ ಈ ಎರಡು ಆಜ್ಞೆಗಳು ಒಂದೇ ಬರಹದಲ್ಲಿ ಎದುರುಬದುರಾದರೆ ಏನಾಗುತ್ತದೆ? ತಂದೆಯ ಬಾಳಿನ ಕಥೆಯನ್ನು ಮಗಳೇ ಬರೆಯಲು ಕುಳಿತಾಗ, ಅವಳ ಲೇಖನಿ ಯಾವ ಆಜ್ಞೆಗೆ ಮೊದಲು ಮಣಿಯಬೇಕು? ಒಂಬೈನೂರು ವರ್ಷಗಳಷ್ಟು ಹಿಂದೆ ಕಾನ್‌ಸ್ಟಾಂಟಿನೋಪಲ್ ನಗರದಲ್ಲಿ ಬಾಳಿದ ರಾಜಕುಮಾರಿ ಅನ್ನಾ ಕೊಮ್ನೇನಾ ಈ ಪ್ರಶ್ನೆಯನ್ನು ತಾನಾಗಿಯೇ ಎತ್ತಿಕೊಂಡವಳು. ಆಕೆಯ ‘ಅಲೆಕ್ಸಿಯಾಡ್’ ಗ್ರಂಥವನ್ನು ಓದುವವರಿಗೆ ಯುದ್ಧಗಳು, ಸಂಧಾನಗಳು, ಒಳಸಂಚುಗಳು ಎಲ್ಲವೂ ಸಿಗುತ್ತವೆ. ಅವೆಲ್ಲದರ ಅಡಿಯಲ್ಲಿ ಹರಿಯುವುದು ಮಾತ್ರ ಈ ಒಂದು ಪ್ರಶ್ನೆಯೇ.

ಗ್ರೀಕ್ ಭಾಷೆಯಲ್ಲಿ ಪ್ರಾಚೀನ ಹಾಗೂ ಮಧ್ಯಯುಗಗಳಿಂದ ನಮ್ಮ ಕೈಗೆ ಉಳಿದು ಬಂದಿರುವ ಇತಿಹಾಸ ಗ್ರಂಥಗಳಲ್ಲಿ ಸ್ತ್ರೀಯೊಬ್ಬಳು ರಚಿಸಿದ್ದು ಇದೊಂದೇ. ಆ ಕಾರಣಕ್ಕಾಗಿಯೇ ಇದು ಓದಲು ಅರ್ಹ. ಜೊತೆಗೆ ನಮಗೆ ಇನ್ನೂ ಒಂದು ಕಾರಣವಿದೆ. ರೋಮಿನ ಧರ್ಮಸಭೆಯ ಮಕ್ಕಳಾದ ನಮ್ಮ ಪೂರ್ವಜರು ಪೂರ್ವದ ಕ್ರೈಸ್ತರ ಕಣ್ಣಿಗೆ ಹೇಗೆ ಕಂಡರು ಎಂಬುದನ್ನು ಇಷ್ಟು ನೇರವಾಗಿ ಹೇಳುವ ಪುಸ್ತಕ ಬೇರೊಂದು ಸಿಗುವುದು ಕಷ್ಟ.

ನೇರಳೆ ಕೋಣೆಯ ಶಿಶು

ಅನ್ನಾ ಹುಟ್ಟಿದ್ದು ಕ್ರಿ.ಶ. 1083ರ ಡಿಸೆಂಬರ್ 1ರಂದು. ತಂದೆ ಬೈಜಾಂಟೈನ್ ಚಕ್ರವರ್ತಿ ಅಲೆಕ್ಸಿಯೋಸ್ ಕೊಮ್ನೇನೋಸ್. ತಾಯಿ ದೂಕಾಸ್ ವಂಶದ ಐರೀನ್. ಅರಮನೆಯಲ್ಲಿ ಚಕ್ರವರ್ತಿನಿಯರ ಹೆರಿಗೆಗೆಂದೇ ಮೀಸಲಾಗಿದ್ದ, ನೇರಳೆ ಬಣ್ಣದ ಕಲ್ಲಿನ ಕೋಣೆಯೊಂದಿತ್ತು. ಅಲ್ಲಿ ಹುಟ್ಟಿದ ಮಕ್ಕಳಿಗೆ ‘ನೇರಳೆಯಲ್ಲಿ ಜನಿಸಿದವರು’ ಎಂಬ ವಿಶೇಷ ಬಿರುದು. ಅನ್ನಾ ಈ ಬಿರುದನ್ನು ಗ್ರಂಥದ ಆರಂಭದಲ್ಲೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಾಳೆ.

ತನ್ನ ಜನನದ ಬಗ್ಗೆ ಆಕೆ ಒಂದು ಮನೆಮಾತಿನ ಪ್ರಸಂಗವನ್ನು ದಾಖಲಿಸಿದ್ದಾಳೆ. ಚಕ್ರವರ್ತಿ ನಾರ್ಮನ್ನರ ವಿರುದ್ಧದ ದಂಡಯಾತ್ರೆಯಿಂದ ಇನ್ನೂ ಮರಳಿರಲಿಲ್ಲ. ತಾಯಿಗೆ ಹೆರಿಗೆಯ ನೋವು ಕಾಣಿಸಿಕೊಂಡಿತು. ಆಗ ಐರೀನ್ ತನ್ನ ಒಡಲ ಮೇಲೆ ಶಿಲುಬೆಯ ಗುರುತು ಹಾಕಿ, ತಂದೆ ಬರುವವರೆಗೆ ತಾಳಿಕೋ ಎಂದು ಶಿಶುವಿಗೆ ಹೇಳಿದಳಂತೆ. ಐರೀನಳ ತಾಯಿಗೆ ಇದು ಸರಿಬರಲಿಲ್ಲ. ಅವನು ಬರುವುದು ಒಂದು ತಿಂಗಳಾದರೆ ಅಷ್ಟು ದಿನ ಈ ನೋವನ್ನು ಹೇಗೆ ತಾಳುವೆ ಎಂದು ಗದರಿದಳಂತೆ. ಆದರೆ ಶಿಶು ತಾಳಿಕೊಂಡಿತು; ಮೂರನೆಯ ದಿನ, ತಂದೆ ಮನೆಗೆ ಬಂದ ಮೇಲೆಯೇ ಹುಟ್ಟಿತು. ಒಡಲಲ್ಲಿರುವಾಗಲೇ ತಾನು ತಂದೆತಾಯಿಯರ ಮಾತಿಗೆ ವಿಧೇಯಳಾಗಿದ್ದೆ ಎಂಬುದಕ್ಕೆ ಇದೇ ಸಾಕ್ಷಿ ಎಂಬಂತೆ ಅನ್ನಾ ಈ ಕಥೆಯನ್ನು ಹೇಳುತ್ತಾಳೆ. ಓದುವಾಗ ಮುಗುಳ್ನಗೆ ಬರುತ್ತದೆ. ಆದರೆ ಗಮನಿಸಿ: ಇತಿಹಾಸಕಾರಳು ತನ್ನನ್ನು ಪರಿಚಯಿಸಿಕೊಳ್ಳುವುದೇ ವಿಧೇಯ ಮಗಳಾಗಿ. ಇಡೀ ಗ್ರಂಥಕ್ಕೆ ಕೀಲಿಕೈ ಇಲ್ಲಿಯೇ ಇದೆ.

ಶಿಶುವಾಗಿದ್ದಾಗಲೇ ಹಿಂದಿನ ಚಕ್ರವರ್ತಿಯ ಮಗ ಕಾನ್‌ಸ್ಟಾಂಟೀನನೊಡನೆ ಆಕೆಯ ವಿವಾಹ ನಿಶ್ಚಯವಾಯಿತು. ಆತ ಎಳೆಯ ವಯಸ್ಸಿನಲ್ಲೇ ತೀರಿಕೊಂಡ. 1087ರಲ್ಲಿ ತಮ್ಮ ಯೊವಾನ್ನೆಸ್ ಹುಟ್ಟಿದ; 1092ರಲ್ಲಿ ಅವನೇ ಉತ್ತರಾಧಿಕಾರಿಯೆಂದು ಕಿರೀಟಧಾರಣೆಯಾಯಿತು. 1097ರ ಸುಮಾರಿಗೆ ಅನ್ನಾ ನಿಕೆಫೊರೋಸ್ ಬ್ರಿಯೆನ್ನಿಯೋಸ್ ಎಂಬ ಸರದಾರನ ಕೈಹಿಡಿದಳು. ಈತ ಯಾವ ವಂಶದವನು? ಹಿಂದೆ ಸಿಂಹಾಸನಕ್ಕಾಗಿ ದಂಗೆಯೆದ್ದು, ಇದೇ ಅಲೆಕ್ಸಿಯೋಸನ ಕೈಯಲ್ಲಿ ಸೋತು, ಕಣ್ಣುಗಳನ್ನು ಕಳೆದುಕೊಂಡ ದಂಡನಾಯಕನ ವಂಶದವನು. ಎರಡು ಮನೆತನಗಳ ಹಗೆ ಒಂದು ಮದುವೆಯಲ್ಲಿ ಶಾಂತವಾಯಿತು. ಆ ದಾಂಪತ್ಯ ಒಳ್ಳೆಯ ದಾಂಪತ್ಯವೇ ಆಗಿತ್ತೆಂದು ಗ್ರಂಥದಲ್ಲಿ ಗಂಡನನ್ನು ಕುರಿತು ಬರುವ ಮಾತುಗಳು ಹೇಳುತ್ತವೆ.

ಊಟದ ಮೇಜಿನ ಮೇಲಿನ ಪುಸ್ತಕ

ಅನ್ನಾಳ ವಿದ್ಯಾಭ್ಯಾಸದ ವಿಷಯ ನಮ್ಮ ಕುಟುಂಬಗಳಿಗೆ ಹೆಚ್ಚು ಹತ್ತಿರವಾದುದು. ಆಕೆಯ ನಿಧನಾನಂತರ ಗಿಯೋರ್ಗಿಯೋಸ್ ತೊರ್ನಿಕೆಸ್ ಎಂಬ ಧರ್ಮಗುರು ರಚಿಸಿದ ಚರಮಭಾಷಣವೊಂದು ಉಳಿದಿದೆ. ಪ್ರಾಚೀನ ಕವಿಗಳ ಕಾವ್ಯಗಳಲ್ಲಿ ಹಲವು ದೇವದೇವತೆಗಳ ಅಸಭ್ಯ ಕಥೆಗಳಿವೆಯೆಂದು ತಂದೆತಾಯಿ ಅವನ್ನು ಮಗಳಿಂದ ದೂರವಿಡಲು ಬಯಸಿದ್ದರು. ಮಗಳು ಅರಮನೆಯ ಸೇವಕನೊಬ್ಬನಿಂದ ಗುಟ್ಟಾಗಿ ಅವನ್ನು ಕಲಿತಳು ಎಂದು ಆತ ತಿಳಿಸುತ್ತಾನೆ. ಮುಂದೆ ಆಕೆ ತತ್ವಶಾಸ್ತ್ರ, ಗಣಿತ, ವೈದ್ಯ ಎಲ್ಲದರಲ್ಲೂ ಪ್ರವೀಣೆಯಾದಳು. ಅರಿಸ್ಟಾಟಲನ ಗ್ರಂಥಗಳಿಗೆ ವ್ಯಾಖ್ಯಾನ ಬರೆಯುವಂತೆ ವಿದ್ವಾಂಸರನ್ನು ಹುರಿದುಂಬಿಸಿದಳು. ಅವರಲ್ಲಿ ಎಫೆಸದ ಮಿಖಾಯೇಲ್ ಎಂಬಾತ ಆಕೆಗಾಗಿ ರಾತ್ರಿಯಿಡೀ ದೀಪದ ಬೆಳಕಿನಲ್ಲಿ ಬರೆದು ತನ್ನ ಕಣ್ಣು ಮಂಜಾಯಿತೆಂದು ಹೇಳುತ್ತಿದ್ದನಂತೆ. ನಮ್ಮ ಗುರುಮಠಗಳಲ್ಲಿ ನೀತಿಶಾಸ್ತ್ರದ ಪಾಠಕ್ಕೆ ಅರಿಸ್ಟಾಟಲನ ಹೆಸರು ಬರದೆ ಇರುವುದಿಲ್ಲ. ಆ ಪರಂಪರೆಯ ಒಂದು ಕೊಂಡಿ ಈ ಸ್ತ್ರೀಯ ಮನೆಯಲ್ಲಿ ಬೆಸೆಯಲ್ಪಟ್ಟಿತು ಎಂಬುದು ಎಷ್ಟು ಜನರಿಗೆ ಗೊತ್ತು?

ಇದಕ್ಕಿಂತ ಮನಸ್ಸಿಗೆ ನಾಟುವುದು ಆಕೆಯೇ ಹೇಳುವ ಇನ್ನೊಂದು ನೆನಪು. ತಾಯಿ ಐರೀನ್ ಬೆಳಗಿನ ಉಪಾಹಾರಕ್ಕೆ ಕುಳಿತಾಗಲೂ ಕೈಯಲ್ಲಿ ಧರ್ಮಸಭೆಯ ಪಿತೃಗಳ ಗ್ರಂಥವನ್ನು ಹಿಡಿದಿರುತ್ತಿದ್ದಳು. ವಿಶೇಷವಾಗಿ ಸಂತ ಮ್ಯಾಕ್ಸಿಮಸನ ಬರಹಗಳು ಆಕೆಗೆ ಪ್ರಿಯ. ಮಗಳು ಬೆರಗಿನಿಂದ ಕೇಳುತ್ತಾಳೆ: ಇಷ್ಟು ಎತ್ತರದ ವಿಷಯಗಳತ್ತ ಕಣ್ಣೆತ್ತಿ ನೋಡುವುದು ನಿನಗೆ ಹೇಗೆ ಸಾಧ್ಯ, ನನಗಂತೂ ತಲೆ ತಿರುಗುತ್ತದೆ. ತಾಯಿ ನಗುತ್ತಾಳೆ, ತನಗೂ ಆ ಪುಸ್ತಕವನ್ನು ಮುಟ್ಟುವಾಗ ನಡುಕವೇ, ಆದರೂ ಬಿಟ್ಟಿರಲಾಗದು ಎನ್ನುತ್ತಾಳೆ. ನೀನು ಮೊದಲು ಬೇರೆ ಪುಸ್ತಕಗಳನ್ನು ಓದು, ಆಮೇಲೆ ಇದರ ಸವಿ ತಾನಾಗಿ ತಿಳಿಯುತ್ತದೆ ಎಂದು ಸಮಾಧಾನ ಹೇಳುತ್ತಾಳೆ. ಇದನ್ನು ಬರೆಯುವ ಹೊತ್ತಿಗೆ ಅನ್ನಾಳಿಗೆ ವಯಸ್ಸು ಅರುವತ್ತರ ಸಮೀಪ. ತಾಯಿ ತೀರಿಹೋಗಿ ವರ್ಷಗಳಾಗಿವೆ. ಆ ಮಾತು ನೆನೆದು ತನ್ನ ಎದೆ ಚುಚ್ಚಿದಂತಾಗುತ್ತದೆ ಎಂದು ಆಕೆ ತೋಡಿಕೊಳ್ಳುತ್ತಾಳೆ. ಮಗಳಿಗೆ ಓದೆಂದು ಹೇಳುವ ಮೊದಲು ತಾನು ಓದುತ್ತಿದ್ದ ತಾಯಿ ಆಕೆ. ಉಪದೇಶಕ್ಕಿಂತ ಆ ದೃಶ್ಯವೇ ಮಗಳ ಮನಸ್ಸಿನಲ್ಲಿ ಉಳಿಯಿತು.

ಗ್ರಂಥ ಹುಟ್ಟಿದ ಬಗೆ

ವಾಸ್ತವವಾಗಿ ಈ ಇತಿಹಾಸವನ್ನು ಬರೆಯಬೇಕಾಗಿದ್ದವಳು ಅನ್ನಾ ಅಲ್ಲ. ಐರೀನ್ ಈ ಕೆಲಸವನ್ನು ಅಳಿಯ ನಿಕೆಫೊರೋಸನಿಗೆ ಒಪ್ಪಿಸಿದ್ದಳು. ಆತ ಅಲೆಕ್ಸಿಯೋಸ್ ಪಟ್ಟಕ್ಕೇರುವ ಮುನ್ನಿನ ಕಥೆಯನ್ನಷ್ಟೇ ಬರೆದು, ಸಿರಿಯಾದ ದಂಡಯಾತ್ರೆಯಿಂದ ಕಾಯಿಲೆ ಹೊತ್ತು ಮರಳಿ, 1137ರ ಸುಮಾರಿಗೆ ತೀರಿಕೊಂಡ. ಅರ್ಧಕ್ಕೆ ನಿಂತ ಗಂಡನ ಕೆಲಸವನ್ನು ವಿಧವೆ ಕೈಗೆತ್ತಿಕೊಂಡಳು. ಸುಮಾರು ಹತ್ತು ವರ್ಷಗಳ ಶ್ರಮದಲ್ಲಿ ಹದಿನೈದು ಸಂಪುಟಗಳ ‘ಅಲೆಕ್ಸಿಯಾಡ್’ ರೂಪುಗೊಂಡಿತು. ಹೆಸರು ಹೋಮರನ ‘ಇಲಿಯಡ್’ ಮಹಾಕಾವ್ಯವನ್ನು ನೆನಪಿಸುವಂಥದು. ಕಾಲವನ್ನು ಪ್ರವಾಹಕ್ಕೂ ಇತಿಹಾಸವನ್ನು ಆ ಪ್ರವಾಹಕ್ಕೆ ಅಡ್ಡಲಾಗಿ ಕಟ್ಟಿದ ಒಡ್ಡಿಗೂ ಹೋಲಿಸುತ್ತ ಆಕೆ ತನ್ನ ಮುನ್ನುಡಿಯನ್ನು ಆರಂಭಿಸುತ್ತಾಳೆ.

ಆಕೆಯ ಆಕರಗಳು ಯಾವುವು? ತಂದೆ ಮತ್ತು ಬಂಧುಗಳು ಮಾತನಾಡುವಾಗ ಕೇಳಿದ್ದು ಒಂದು. ತಂದೆಯೊಡನೆ ಹೋರಾಡಿ, ಮುಪ್ಪಿನಲ್ಲಿ ಮಠ ಸೇರಿದ ಹಳೆಯ ಸೈನಿಕರು ಸರಳ ಮಾತಿನಲ್ಲಿ ಬರೆದಿಟ್ಟಿದ್ದು ಇನ್ನೊಂದು. ಇವಲ್ಲದೆ ರಾಜಶಾಸನಗಳು ಮತ್ತು ಪತ್ರಗಳು. 1081ರಲ್ಲಿ ಅಲೆಕ್ಸಿಯೋಸ್ ಯುದ್ಧಕ್ಕೆ ಹೊರಡುವಾಗ ತನ್ನ ತಾಯಿ ಅನ್ನಾ ದಲಸ್ಸೇನಾಳಿಗೆ ರಾಜ್ಯಾಡಳಿತದ ಪೂರ್ಣಾಧಿಕಾರ ಕೊಟ್ಟ ಶಾಸನ, 1108ರಲ್ಲಿ ಸೋತ ಬೊಹೆಮಂಡ್ ಮಾಡಿಕೊಂಡ ಡಿಯಾಬೋಲಿಸ್ ಒಪ್ಪಂದ, ಇವುಗಳ ಪಾಠವನ್ನು ಆಕೆ ಗ್ರಂಥದಲ್ಲೇ ಕೊಟ್ಟಿದ್ದಾಳೆ. ಇಂದಿನ ಸಂಶೋಧಕರಿಗೆ ಈ ಭಾಗಗಳು ನಿಧಿಯಿದ್ದಂತೆ.

ಬರೆಯುವ ಕಷ್ಟವನ್ನೂ ಆಕೆ ಮರೆಮಾಚುವುದಿಲ್ಲ. ದೀಪ ಹಚ್ಚುವ ಹೊತ್ತಾಯಿತು, ಈ ಪರದೇಶದವರ ಒರಟು ಹೆಸರುಗಳನ್ನು ಬರೆದು ಬರೆದು ಕಣ್ಣಿಗೆ ನಿದ್ದೆ ಹತ್ತುತ್ತಿದೆ ಎಂಬ ಅರ್ಥದ ಮಾತು ಒಂದೆಡೆ ಬರುತ್ತದೆ. ಒಂಬೈನೂರು ವರ್ಷಗಳ ಅಂತರ ಆ ಕ್ಷಣಕ್ಕೆ ಇಲ್ಲವಾಗುತ್ತದೆ.

ಆಕೆ ಮುಚ್ಚಿಡದ ಸಂಗತಿಗಳು

ಸತ್ಯವೇ ಇತಿಹಾಸದ ಪ್ರಾಣ; ಇತಿಹಾಸಕಾರನು ಹಗೆಗಳ ಸದ್ಗುಣಗಳನ್ನು ಹೊಗಳಲೂ ಆಪ್ತರ ತಪ್ಪುಗಳನ್ನು ತೆಗಳಲೂ ಸಿದ್ಧನಿರಬೇಕು ಎಂಬುದು ಅನ್ನಾಳ ಘೋಷಣೆ. ತಂದೆಯನ್ನು ಹೊಗಳುತ್ತಾಳೆಂದು ಯಾರೂ ದೂರಬಾರದೆಂದು ಆಕೆ ಮತ್ತೆ ಮತ್ತೆ ಕೇಳಿಕೊಳ್ಳುತ್ತಾಳೆ. ಈ ಘೋಷಣೆಯನ್ನು ಆಕೆ ಎಷ್ಟರ ಮಟ್ಟಿಗೆ ನಡೆಸಿಕೊಟ್ಟಳು?

ಕೆಲವೆಡೆ ನಿಜಕ್ಕೂ ನಡೆಸಿಕೊಟ್ಟಿದ್ದಾಳೆ. ಅಲೆಕ್ಸಿಯೋಸ್ ಸಿಂಹಾಸನಕ್ಕೆ ಬಂದದ್ದು ದಂಗೆಯ ಮೂಲಕ. 1081ರ ಏಪ್ರಿಲ್ 1ರಂದು, ಅದೂ ಪವಿತ್ರ ಗುರುವಾರ, ಅವನ ಸೈನ್ಯ ರಾಜಧಾನಿಯನ್ನು ಹೊಕ್ಕು ಮನೆಗಳನ್ನೂ ದೇವಾಲಯಗಳನ್ನೂ ಸೂರೆಮಾಡಿತು. ಕ್ರೈಸ್ತ ಸೈನಿಕರು ಕ್ರೈಸ್ತ ನಗರವನ್ನು ದೋಚಿದರು. ಮಗಳು ಇದನ್ನು ನುಂಗಿಕೊಳ್ಳುವುದಿಲ್ಲ, ವಿವರವಾಗಿಯೇ ಬರೆಯುತ್ತಾಳೆ. ನಂತರ ನಡೆದುದನ್ನೂ ಬರೆಯುತ್ತಾಳೆ. ಹೊಸ ಚಕ್ರವರ್ತಿ ಪಶ್ಚಾತ್ತಾಪಪಟ್ಟು ಮಹಾಧರ್ಮಾಧ್ಯಕ್ಷರ ಮುಂದೆ ತಪ್ಪೊಪ್ಪಿಕೊಂಡು ಪ್ರಾಯಶ್ಚಿತ್ತವನ್ನು ಬೇಡಿದ. ನಲವತ್ತು ದಿನ ರಾಜವಸ್ತ್ರದ ಒಳಗೆ ಗೋಣಿಬಟ್ಟೆ ತೊಟ್ಟು, ತಲೆಯಡಿಗೆ ಕಲ್ಲಿಟ್ಟುಕೊಂಡು ಬರಿನೆಲದ ಮೇಲೆ ಮಲಗಿದ. ಮನೆಯ ಹೆಂಗಸರೂ ತಾವಾಗಿಯೇ ಈ ತಪಸ್ಸಿನಲ್ಲಿ ಪಾಲುಗೊಂಡರು. ಪಾಪವನ್ನು ಹೇಳದೆ ಪ್ರಾಯಶ್ಚಿತ್ತವನ್ನಷ್ಟೇ ಹೇಳಲಾಗದು ಎಂಬ ಸರಳ ಸತ್ಯ ಅನ್ನಾಳಿಗೆ ತಿಳಿದಿತ್ತು. ತಂದೆಯ ನಿಜವಾದ ಹಿರಿಮೆ ಕಾಣುವುದು ಅವನ ತಪ್ಪು ಬಯಲಾದ ಈ ಪುಟಗಳಲ್ಲಿಯೇ. ನಾಲ್ಕನೆಯ ಆಜ್ಞೆಯೂ ಎಂಟನೆಯ ಆಜ್ಞೆಯೂ ಇಲ್ಲಿ ಕೈಹಿಡಿದು ನಡೆಯುತ್ತವೆ.

ಯುದ್ಧದ ಖರ್ಚಿಗೆ ದೇವಾಲಯಗಳ ಬೆಳ್ಳಿಬಂಗಾರವನ್ನು ಕರಗಿಸಿದ ಪ್ರಸಂಗ ಇನ್ನೊಂದು. ಖಾಲ್ಸೆದೋನಿನ ಧರ್ಮಾಧ್ಯಕ್ಷ ಲಿಯೋ ಇದನ್ನು ಬಹಿರಂಗವಾಗಿ ಖಂಡಿಸಿದರು. ಸಂಗತಿಯನ್ನು ಆಕೆ ದಾಖಲಿಸುತ್ತಾಳೆ, ನಿಜ. ಆದರೆ ಇಲ್ಲಿ ತಕ್ಕಡಿ ಒಂದು ಕಡೆಗೆ ವಾಲುತ್ತದೆ. ಆ ಧರ್ಮಾಧ್ಯಕ್ಷರ ಬಾಳು ಶುದ್ಧವೆಂದು ಒಪ್ಪಿಕೊಂಡರೂ, ವಿದ್ಯೆ ಸಾಲದು, ನಡೆನುಡಿ ಒರಟು ಎಂದು ಅವರನ್ನು ಬದಿಗೆ ಸರಿಸುತ್ತಾಳೆ. ವಾದವನ್ನು ಎದುರಿಸದೆ ವಾದಿಸಿದವನನ್ನು ಕಿರಿದುಮಾಡುವುದು ಹಳೆಯ ಉಪಾಯ. ಇಂದಿಗೂ ಸವೆಯದ ಉಪಾಯ.

ಪಶ್ಚಿಮದ ನಾವು, ಆಕೆಯ ಕಣ್ಣಿನಲ್ಲಿ

1096 ಮತ್ತು 1097ರಲ್ಲಿ ಮೊದಲ ಧರ್ಮಯುದ್ಧದ ಸೈನ್ಯಗಳು ಜೆರುಸಲೇಮಿಗೆ ಹೊರಟು ಕಾನ್‌ಸ್ಟಾಂಟಿನೋಪಲ್ ತಲುಪಿದವು. ಅನ್ನಾಳಿಗೆ ಆಗ ಹದಿಮೂರರ ಆಸುಪಾಸು. ಪಶ್ಚಿಮದ ಇಡೀ ಜನಸ್ತೋಮವೇ ಬುಡಸಹಿತ ಎದ್ದು ಬಂದಂತೆ ಆಕೆಗೆ ಕಂಡಿತು. ಪೀಟರ್ ಎಂಬ ವಿರಕ್ತನ ಹಿಂದೆ ಬಂದ ಬಡವರ, ಹೆಂಗಸರ, ಮಕ್ಕಳ ಗುಂಪಿನ ಬಗ್ಗೆ ಆಕೆಗೆ ಕನಿಕರವಿದೆ. ಅವರ ಭಕ್ತಿ ನಿಜವಾದದ್ದೆಂದು ಒಪ್ಪುತ್ತಾಳೆ. ಸರದಾರರ ಬಗ್ಗೆ ಮಾತ್ರ ಬರಿ ಸಂದೇಹ. ಅವರು ಮಾತಿಗೆ ತಪ್ಪುವವರು, ಹಣದಾಸೆಯವರು, ಬಾಯಿಬಡುಕರು. ಪವಿತ್ರ ಸಮಾಧಿಯ ಹೆಸರು ಹೇಳಿ ಕಾನ್‌ಸ್ಟಾಂಟಿನೋಪಲ್ ನಗರವನ್ನೇ ಕಬಳಿಸಲು ಬಂದವರು ಎಂಬುದು ಆಕೆಯ ತೀರ್ಮಾನ. ಚಕ್ರವರ್ತಿಯ ಸಿಂಹಾಸನದ ಮೇಲೆಯೇ ಹೋಗಿ ಕುಳಿತ ಫ್ರಾಂಕ್ ಸರದಾರನೊಬ್ಬನ ಉದ್ಧಟತನವನ್ನು ಆಕೆ ಮರೆಯಲಾರಳು.

ನಾರ್ಮನ್ ಸರದಾರ ಬೊಹೆಮಂಡನ ವರ್ಣನೆ ಗ್ರಂಥದ ಅತ್ಯುತ್ತಮ ಭಾಗಗಳಲ್ಲಿ ಒಂದು. ಅವನ ಎತ್ತರ, ಅಗಲವಾದ ಎದೆ, ಕಿವಿಯವರೆಗೆ ಕತ್ತರಿಸಿದ ಕೂದಲು, ಕಣ್ಣಿನ ಬಣ್ಣ, ನಗುವಿನಲ್ಲೂ ಇದ್ದ ಭೀಕರತೆ ಎಲ್ಲವೂ ಚಿತ್ರದಂತೆ ಮೂಡುತ್ತವೆ. ಆತ ತಂದೆಯ ಪರಮ ಶತ್ರು. ಆದರೂ ಅವನಲ್ಲೊಂದು ಆಕರ್ಷಣೆಯಿತ್ತೆಂದು ಬರೆಯದಿರಲು ಆಕೆಯಿಂದಾಗಲಿಲ್ಲ. ಹಗೆಯ ಗುಣವನ್ನೂ ಹೇಳಬೇಕೆಂಬ ಮುನ್ನುಡಿಯ ಮಾತು ಇಲ್ಲಿ ಉಳಿಯಿತು.

ಗುರುಪದವಿಯಲ್ಲಿರುವ ನನ್ನಂಥವರನ್ನು ತಡೆದು ನಿಲ್ಲಿಸುವ ಪುಟವೊಂದಿದೆ. ಸಮುದ್ರಕಾಳಗವೊಂದರಲ್ಲಿ ಒಬ್ಬ ಲ್ಯಾಟಿನ್ ಗುರು ಮೈತುಂಬ ಗಾಯಗಳಾದರೂ ಬಾಣಬಿಡುತ್ತಿದ್ದ. ಬಾಣಗಳು ಮುಗಿದಾಗ ಕಲ್ಲು ಬೀರಿದ. ಕಲ್ಲು ಮುಗಿದಾಗ ಚೀಲದಲ್ಲಿದ್ದ ಬಾರ್ಲಿ ರೊಟ್ಟಿಗಳನ್ನೇ ತೆಗೆದು ಎಸೆಯತೊಡಗಿದ. ಅನ್ನಾ ಇಲ್ಲಿ ನಿಂತು ಹೇಳುತ್ತಾಳೆ: ನಮ್ಮ ಪೂರ್ವದ ಧರ್ಮಸಭೆಯಲ್ಲಿ ಗುರುವಾದವನು ಆಯುಧ ಹಿಡಿಯುವಂತಿಲ್ಲ, ಲ್ಯಾಟಿನರ ಗುರುವೋ ಒಂದೇ ಹೊತ್ತಿಗೆ ಪವಿತ್ರ ಬಲಿಯನ್ನು ಅರ್ಪಿಸುತ್ತಾನೆ, ಗುರಾಣಿಯನ್ನೂ ಹಿಡಿಯುತ್ತಾನೆ. ಪಶ್ಚಿಮದ ಕಾನೂನುಗಳೂ ಗುರುಗಳು ರಕ್ತ ಹರಿಸುವುದನ್ನು ನಿಷೇಧಿಸಿದ್ದವು ಎಂಬುದನ್ನು ಆಕೆ ಹೇಳುವುದಿಲ್ಲ, ಸರಿ. ಆದರೆ ಕಾನೂನು ಇತ್ತೆಂಬುದು ನಮಗೆ ಸಮಾಧಾನವಾಗಬಹುದೇ? ದಿವ್ಯ ಬಲಿಪೂಜೆಯಲ್ಲಿ ರೊಟ್ಟಿಯನ್ನು ಎತ್ತಿಹಿಡಿಯುವ ಕೈ ರೊಟ್ಟಿಯನ್ನೇ ಆಯುಧವಾಗಿ ಎಸೆಯುವ ಆ ಚಿತ್ರ ಯಾವ ದೀರ್ಘ ಉಪದೇಶಕ್ಕಿಂತಲೂ ಹೆಚ್ಚು ಚುಚ್ಚುತ್ತದೆ. ಕಥೆಯ ಕೊನೆಯೂ ಗಮನಾರ್ಹ. ಸಾಯುವ ಮೊದಲು ಆ ಗುರು ತನ್ನನ್ನು ಗೆದ್ದ ಬೈಜಾಂಟೈನ್ ಸೇನಾನಿ ಮರಿಯಾನೋಸನನ್ನು ಅಪ್ಪಿಕೊಂಡು, ಬೆಳ್ಳಿಯ ಬಟ್ಟಲೊಂದನ್ನು ಕಾಣಿಕೆಯಾಗಿ ಕೊಟ್ಟನಂತೆ. ಇದನ್ನೂ ಅನ್ನಾ ಬಿಡದೆ ಬರೆದಳು.

ಪೋಪ್ ಏಳನೆಯ ಗ್ರೆಗೋರಿಯವರ ಬಗ್ಗೆ ಆಕೆಯ ಮಾತುಗಳು ಮಾತ್ರ ನ್ಯಾಯವಾದವಲ್ಲ. ಸಂತರೆಂದು ನಾವು ಗೌರವಿಸುವ ಆ ಪೋಪರು ಜರ್ಮನ್ ದೊರೆ ಹೆನ್ರಿಯ ದೂತರನ್ನು ಅತಿ ಹೀನವಾಗಿ ಹಿಂಸಿಸಿದರೆಂಬ ಗಾಳಿಮಾತನ್ನು ಆಕೆ ಪರೀಕ್ಷಿಸದೆ ನಂಬಿದಳು. ಅದನ್ನು ಬರೆಯಲು ಸ್ತ್ರೀಸಹಜ ಲಜ್ಜೆ ಅಡ್ಡಬರುತ್ತದೆ ಎನ್ನುತ್ತಲೇ ಓದುಗನ ಕಲ್ಪನೆಗೆ ಕಿಡಿ ಹಚ್ಚುತ್ತಾಳೆ. ರೋಮಿನ ಪ್ರಾಧಾನ್ಯವು ರಾಜಧಾನಿಯೊಡನೆ ಕಾನ್‌ಸ್ಟಾಂಟಿನೋಪಲಿಗೆ ವರ್ಗವಾಯಿತೆಂದೂ, 451ರ ಖಾಲ್ಸೆದೋನ್ ಮಹಾಸಭೆಯೇ ಅದಕ್ಕೆ ಆಧಾರವೆಂದೂ ಆಕೆಯ ವಾದ. ಆ ಮಹಾಸಭೆಯ ನಿರ್ಣಯವು ಹೊಸ ರೋಮಿಗೆ ಹಳೆಯ ರೋಮಿನ ನಂತರದ ಎರಡನೆಯ ಸ್ಥಾನವನ್ನು ಕೊಟ್ಟಿತ್ತೇ ಹೊರತು ಮೊದಲನೆಯದನ್ನಲ್ಲ. 1054ರ ಒಡಕಿನ ನಂತರ ಹುಟ್ಟಿ ಬೆಳೆದ ತಲೆಮಾರಿನ ಗಾಯದ ದನಿ ಇದು. ಆ ಗಾಯ ಮುಂದೆ 1204ರಲ್ಲಿ ಇನ್ನಷ್ಟು ಆಳವಾಯಿತು. ನಾಲ್ಕನೆಯ ಧರ್ಮಯುದ್ಧದ ಸೈನಿಕರು ಅದೇ ನಗರವನ್ನು ಸೂರೆಗೊಂಡರು. ಅನ್ನಾಳ ಸಂದೇಹ ಆಕೆ ತೀರಿಕೊಂಡ ಅರ್ಧ ಶತಮಾನದ ನಂತರ ನಿಜವಾಯಿತು ಎಂದು ಒಪ್ಪಿಕೊಳ್ಳದೆ ಗತಿಯಿಲ್ಲ.

ಮೌನದ ಪುಟಗಳು

ಇತಿಹಾಸಕಾರರನ್ನು ಅಳೆಯುವಾಗ ಬರೆದದ್ದರಷ್ಟೇ ಬರೆಯದೆ ಬಿಟ್ಟದ್ದನ್ನೂ ನೋಡಬೇಕಾಗುತ್ತದೆ. 1095ರ ಮಾರ್ಚ್ ತಿಂಗಳಲ್ಲಿ ಇಟಲಿಯ ಪಿಯಾಚೆನ್ಸಾದಲ್ಲಿ ಪೋಪ್ ಎರಡನೆಯ ಅರ್ಬನ್ ಸಭೆ ಸೇರಿಸಿದಾಗ, ತುರ್ಕರ ವಿರುದ್ಧ ಸೈನಿಕ ನೆರವು ಕೇಳಿ ಬಂದವರು ಅಲೆಕ್ಸಿಯೋಸನ ದೂತರೇ. ಪಶ್ಚಿಮದ ಸೈನ್ಯಗಳು ಬರಲು ಆ ಮನವಿಯೂ ಒಂದು ಕಾರಣ. ‘ಅಲೆಕ್ಸಿಯಾಡ್’ ಗ್ರಂಥದಲ್ಲಿ ಇದರ ಸುಳಿವೇ ಇಲ್ಲ. ಕರೆಯದೆ ಬಂದ ಪ್ರವಾಹವೆಂಬಂತೆ ಆಕೆ ಚಿತ್ರಿಸುತ್ತಾಳೆ. ಬಾಗಿಲು ತೆರೆದವನು ತಂದೆಯೇ ಎಂದು ಬರೆಯಲು ಮಗಳ ಕೈ ಮುಂದೆ ಬರಲಿಲ್ಲವೇನೋ.

ಎರಡನೆಯ ಮೌನ ತಮ್ಮನ ಬಗ್ಗೆ. 1118ರಿಂದ 1143ರವರೆಗೆ ಆಳಿದ ಯೊವಾನ್ನೆಸನನ್ನು ಜನ ‘ಒಳ್ಳೆಯ ಯೊವಾನ್ನೆಸ್’ ಎಂದು ನೆನೆದರು. ಅಕ್ಕನ ಗ್ರಂಥದಲ್ಲಿ ಅವನಿಗೆ ಸಿಕ್ಕಿದ್ದು ಕೆಲವೇ ತಣ್ಣನೆಯ ಸಾಲುಗಳು. ತಂದೆಯ ಮರಣಾನಂತರ ಗಂಡನನ್ನು ಪಟ್ಟಕ್ಕೇರಿಸಲು ಅನ್ನಾ ಸಂಚು ಹೂಡಿದಳು, ಗಂಡ ಹಿಂಜರಿದದ್ದರಿಂದ ಅದು ಮುರಿದುಬಿತ್ತು ಎಂದು ನಿಕೇತಾಸ್ ಖೋನಿಯಾತೆಸ್ ಎಂಬ ಮುಂದಿನ ಇತಿಹಾಸಕಾರ ಬರೆದ. ಯೊವಾನ್ನೆಸ್ ಅಕ್ಕನ ಆಸ್ತಿಯನ್ನು ಕಿತ್ತು ತನ್ನ ಗೆಳೆಯ ಆಕ್ಸೂಖನಿಗೆ ಕೊಡಹೋದ. ಹುಟ್ಟಿನಿಂದ ತುರ್ಕನಾಗಿದ್ದ, ಸೆರೆಯಾಳಾಗಿ ಬಂದ ಆ ಗೆಳೆಯ ಅದನ್ನು ಒಲ್ಲದೆ, ಅಕ್ಕನನ್ನು ಕ್ಷಮಿಸಬೇಕೆಂದು ಬೇಡಿಕೊಂಡ. ಚಕ್ರವರ್ತಿ ಕ್ಷಮಿಸಿದ ಎಂದೂ ಆತನೇ ಹೇಳುತ್ತಾನೆ. ಈ ಕಥೆಯನ್ನು ಬಹುಕಾಲ ಎಲ್ಲರೂ ನಂಬಿದರು. ಅಮೆರಿಕದ ವಿದುಷಿ ಲಿಯೊನೋರಾ ನೆವಿಲ್ 2016ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ಪ್ರಶ್ನಿಸಿದ್ದಾರೆ. ಗ್ರಂಥದಲ್ಲಿ ಪದೇ ಪದೇ ಬರುವ ಕಣ್ಣೀರು ಕೈತಪ್ಪಿದ ಕಿರೀಟಕ್ಕಾಗಿ ಅಲ್ಲ. ಇತಿಹಾಸ ಬರೆಯುವುದು ಗಂಡಸರ ಕೆಲಸವೆಂದು ಭಾವಿಸಿದ್ದ ಕಾಲದಲ್ಲಿ, ಅಹಂಕಾರಿಯೆಂಬ ಅಪವಾದವನ್ನು ತಪ್ಪಿಸಿಕೊಳ್ಳಲು ಆಕೆ ಆರಿಸಿಕೊಂಡ ವಿನಯದ ದನಿ ಅದು ಎಂಬುದು ಅವರ ವಾದ. ಹದಿನೆಂಟನೆಯ ಶತಮಾನದಲ್ಲಿ ಎಡ್ವರ್ಡ್ ಗಿಬ್ಬನ್ ಅನ್ನಾಳ ಬರಹದಲ್ಲಿ ಕಂಡದ್ದು ಹೆಣ್ಣಿನ ಜಂಬವನ್ನಷ್ಟೇ. ಗ್ರೀಕ್ ಕವಿ ಕವಾಫಿಸ್ ತನ್ನ ಕವಿತೆಯಲ್ಲಿ ಕಂಡದ್ದು ಅಧಿಕಾರ ಸಿಗದ ಕಹಿಯನ್ನು. ಗಂಡಸರಾದ ಇತಿಹಾಸಕಾರರು ತಮ್ಮ ವಿದ್ಯೆಯನ್ನು ಮೆರೆಸಿದಾಗ ಇದೇ ಗಿಬ್ಬನ್ ಅದನ್ನು ಪುರುಷರ ಜಂಬವೆಂದು ಕರೆದನೇ? ಆದ್ದರಿಂದ ಸಂಚಿನ ವಿಷಯದಲ್ಲಿ ಕೊನೆಯ ತೀರ್ಪು ನೀಡದಿರುವುದೇ ಲೇಸು. ಆದರೆ ತಮ್ಮನ ಬಗೆಗಿನ ಮೌನ ಮಾತ್ರ ಅಲ್ಲಿಯೇ ಇದೆ. ಅದು ಯಾರ ಅಪವಾದವೂ ಅಲ್ಲ.

ಮೂರನೆಯದು ಮೌನವಲ್ಲ, ಮಾತು. ಅದು ಮೌನಕ್ಕಿಂತ ಭಾರವಾದುದು. ಕೊನೆಯ ಸಂಪುಟದಲ್ಲಿ ಬೋಗೋಮಿಲ ಪಂಥದ ನಾಯಕ ಬೆಸಿಲನ ಕಥೆ ಬರುತ್ತದೆ. ಚಕ್ರವರ್ತಿ ಅವನ ಶಿಷ್ಯನಾಗುವವನಂತೆ ನಟಿಸಿ ಮನೆಗೆ ಕರೆದು, ಮನಬಿಚ್ಚಿ ಮಾತನಾಡಿಸಿ, ಪರದೆಯ ಹಿಂದೆ ಬರಹಗಾರನನ್ನು ಕೂರಿಸಿ ಎಲ್ಲವನ್ನೂ ಬರೆಸಿಕೊಂಡ. ಬೆಸಿಲನನ್ನು ಕುದುರೆಪಂದ್ಯದ ಮೈದಾನದಲ್ಲಿ ಜೀವಂತ ಸುಟ್ಟರು. ಅನ್ನಾ ಇದನ್ನು ತಂದೆಯ ಜಾಣ್ಮೆ ಮತ್ತು ಧರ್ಮಶ್ರದ್ಧೆಯ ಕಿರೀಟವೆಂಬಂತೆ ವರ್ಣಿಸುತ್ತಾಳೆ. ಅತಿಥಿಯಾಗಿ ಕರೆಸಿದವನಿಗೆ ಎಸಗಿದ ವಂಚನೆ ಆಕೆಯನ್ನು ಕಾಡುವುದಿಲ್ಲ. ಅದು ಆ ಕಾಲದ ರೀತಿ ಎಂದು ಹೇಳಿ ಮುಗಿಸಬಹುದು. ಪಶ್ಚಿಮದಲ್ಲೂ ನಮ್ಮವರ ಕೈಗಳು ಇಂಥ ಬೆಂಕಿಯಿಂದ ಮಸಿಯಾಗಿವೆ ಎಂಬುದೂ ನಿಜ. ಆದರೆ ಪವಿತ್ರ ಗುರುವಾರದ ಸೂರೆಯನ್ನು ಪಾಪವೆಂದು ಕಂಡ ಅದೇ ಕಣ್ಣು ಈ ಚಿತೆಯಲ್ಲಿ ಪಾಪವನ್ನು ಕಾಣಲಿಲ್ಲವಲ್ಲ! ಏಕೆ? ಮೊದಲನೆಯದಕ್ಕೆ ತಂದೆ ಸ್ವತಃ ಪಶ್ಚಾತ್ತಾಪಪಟ್ಟಿದ್ದ, ಎರಡನೆಯದಕ್ಕೆ ಪಟ್ಟಿರಲಿಲ್ಲ. ತಂದೆ ಕಂಡಷ್ಟನ್ನೇ ಮಗಳು ಕಂಡಳು. ಆಕೆಯ ಗ್ರಂಥದ ಮಿತಿ ಇರುವುದು ಇಲ್ಲಿ.

ಆದರೆ ಅದೇ ಸಂಪುಟದಲ್ಲಿ ಅಲೆಕ್ಸಿಯೋಸ್ ಕಟ್ಟಿಸಿದ ಅನಾಥಾಲಯದ ವರ್ಣನೆಯೂ ಇದೆ. ನಗರದೊಳಗೊಂದು ನಗರ ಅದು. ಕುರುಡರು, ಕುಂಟರು, ಗಾಯಗೊಂಡ ಸೈನಿಕರು, ತಂದೆತಾಯಿ ಇಲ್ಲದ ಮಕ್ಕಳು ಅಲ್ಲಿ ಆಶ್ರಯ ಪಡೆದಿದ್ದರು. ನಾನಾ ಜನಾಂಗಗಳ ಮಕ್ಕಳು, ಅವರಲ್ಲಿ ಲ್ಯಾಟಿನರೂ, ಒಂದೇ ಶಾಲೆಯಲ್ಲಿ ಕುಳಿತು ಗ್ರೀಕ್ ಕಲಿಯುತ್ತಿದ್ದುದನ್ನು ಆಕೆ ಅಕ್ಕರೆಯಿಂದ ಬರೆಯುತ್ತಾಳೆ. ಒಂದೇ ಸಂಪುಟದಲ್ಲಿ ಚಿತೆಯೂ ಅನಾಥಾಲಯವೂ ಇವೆ. ಎರಡನ್ನೂ ಒಬ್ಬನೇ ಮನುಷ್ಯ ಮಾಡಿದ.

ಮರಣಶಯ್ಯೆಯ ಬಳಿ

ಗ್ರಂಥದ ಕೊನೆಯಲ್ಲಿ ಬರುವ ತಂದೆಯ ಮರಣದ ಅಧ್ಯಾಯವನ್ನು ಓದಿದವರು ಮರೆಯಲಾರರು. ಉಸಿರಾಟದ ತೊಂದರೆ, ಊದಿಕೊಂಡ ಕೈಕಾಲು, ರಾತ್ರಿಯೆಲ್ಲ ಎದ್ದು ಕುಳಿತೇ ಇರಬೇಕಾದ ಸ್ಥಿತಿ ಎಲ್ಲವನ್ನೂ ವೈದ್ಯಶಾಸ್ತ್ರ ಬಲ್ಲ ಆಕೆ ನಿಖರವಾಗಿ ದಾಖಲಿಸುತ್ತಾಳೆ. ವೈದ್ಯರ ನಡುವೆ ಭಿನ್ನಾಭಿಪ್ರಾಯ ಬಂದಾಗ ಮಧ್ಯಸ್ಥಿಕೆಗೆ ಆಕೆಯೇ ಕೂರುತ್ತಾಳೆ. ಮಣಿಕಟ್ಟಿನ ನಾಡಿ ಹಿಡಿದು ನೋಡುತ್ತಾಳೆ. ನಾಡಿ ನಿಂತುದನ್ನು ಮೊದಲು ತಿಳಿದವರಲ್ಲಿ ಆಕೆಯೂ ಒಬ್ಬಳು. ಅದು 1118ರ ಆಗಸ್ಟ್ ತಿಂಗಳು, ದೇವಮಾತೆಯ ಸ್ವರ್ಗಸ್ವೀಕಾರ ಹಬ್ಬದ ವಾರ. ಇಲ್ಲಿ ಚಕ್ರವರ್ತಿ ಕಾಣುವುದಿಲ್ಲ. ಉಸಿರಿಗಾಗಿ ಒದ್ದಾಡುವ ಒಬ್ಬ ತಂದೆ, ನಿದ್ದೆಗೆಟ್ಟ ಹೆಂಡತಿ, ಹೆಣ್ಣುಮಕ್ಕಳು ಕಾಣುತ್ತಾರೆ. ಹದಿನೈದು ಸಂಪುಟಗಳಲ್ಲಿ ಅಲಂಕಾರ ಕಡಿಮೆಯಾಗಿ ಸತ್ಯ ಹೆಚ್ಚಾದ ಪುಟಗಳು ಇವೇ. ಪ್ರೀತಿ ಹೊಗಳಿಕೆಯ ಗೊಡವೆಗೆ ಹೋಗದಿದ್ದಾಗ ಸತ್ಯವನ್ನು ಹೇಳಲು ಅದಕ್ಕೆ ಅಡ್ಡಿಯಿಲ್ಲ.

ಅನ್ನಾ ತನ್ನ ಕೊನೆಯ ದಶಕಗಳನ್ನು ತಾಯಿ ಕಟ್ಟಿಸಿದ ಕೆಖರಿತೊಮೇನೆ ಮಠದ ಆವರಣದಲ್ಲಿ ಕಳೆದಳು. ‘ವರಪ್ರಸಾದಪೂರ್ಣೆ’ ಎಂದು ಆ ಹೆಸರಿನ ಅರ್ಥ. ದೇವದೂತ ಗಬ್ರಿಯೇಲ್ ಮಾತೆ ಮರಿಯಳನ್ನು ಕರೆದ ಮಾತು. ಸನ್ಯಾಸಿನಿಯ ವಸ್ತ್ರವನ್ನು ಆಕೆ ತೊಟ್ಟದ್ದು ಮರಣಶಯ್ಯೆಯಲ್ಲಿ ಮಾತ್ರ, 1150ರ ದಶಕದಲ್ಲಿ.

ಪೂರ್ವ ಪಶ್ಚಿಮಗಳ ನಡುವಿನ ಗಾಯ ಇನ್ನೂ ಪೂರ್ತಿ ಮಾಗಿಲ್ಲ. ಆದರೂ 1965ರ ಡಿಸೆಂಬರ್ 7ರಂದು ಪೋಪ್ ಆರನೆಯ ಪೌಲ್ ಮತ್ತು ಮಹಾಧರ್ಮಾಧ್ಯಕ್ಷ ಅಥೆನಾಗೊರಸ್ 1054ರ ಬಹಿಷ್ಕಾರಗಳನ್ನು ಅಳಿಸಿಹಾಕಿದರು. 2001ರ ಮೇ ತಿಂಗಳಲ್ಲಿ ಪೋಪ್ ಎರಡನೆಯ ಜಾನ್ ಪೌಲ್ ಅಥೆನ್ಸ್ ನಗರದಲ್ಲಿ ನಿಂತು, ಕಾನ್‌ಸ್ಟಾಂಟಿನೋಪಲ್ ಸೂರೆಯೂ ಸೇರಿದಂತೆ ಕಥೋಲಿಕ ಮಕ್ಕಳು ಎಸಗಿದ ಪಾಪಗಳಿಗಾಗಿ ದೇವರ ಕ್ಷಮೆಯನ್ನು ಬೇಡಿದರು. ತನ್ನವರ ತಪ್ಪನ್ನು ತಾನೇ ಹೇಳುವ ಈ ಧೈರ್ಯವನ್ನು ಅನ್ನಾ ಕೊಮ್ನೇನಾ ಕಂಡಿದ್ದರೆ, ಗೋಣಿಬಟ್ಟೆ ತೊಟ್ಟು ನೆಲದ ಮೇಲೆ ಮಲಗಿದ ತಂದೆಯ ನೆನಪು ಆಕೆಗೆ ಬಾರದಿರುತ್ತಿರಲಿಲ್ಲ.

ನಮ್ಮ ಮನೆಗಳಲ್ಲೂ ಹಿರಿಯರ ಕಥೆಗಳನ್ನು ಮಕ್ಕಳಿಗೆ ಹೇಳುತ್ತೇವೆ. ಕೆಲವನ್ನು ಹಿಗ್ಗಿಸುತ್ತೇವೆ, ಕೆಲವನ್ನು ನುಂಗಿಕೊಳ್ಳುತ್ತೇವೆ. ಜಗಳವಾಡಿ ದೂರವಾದ ಅಣ್ಣನನ್ನೋ ತಮ್ಮನನ್ನೋ ಕಥೆಯಿಂದಲೇ ಕೈಬಿಡುತ್ತೇವೆ. ‘ಅಲೆಕ್ಸಿಯಾಡ್’ ಓದಿದವನಿಗೆ ತಿಳಿಯುವುದಿಷ್ಟು: ತಪ್ಪನ್ನೂ ಪಶ್ಚಾತ್ತಾಪವನ್ನೂ ಒಟ್ಟಿಗೆ ಹೇಳಿದ ಪುಟಗಳಲ್ಲಿ ಆ ತಂದೆ ಇಂದಿಗೂ ಗೌರವಕ್ಕೆ ಪಾತ್ರನಾಗಿ ನಿಂತಿದ್ದಾನೆ. ಬರಿ ಹೊಗಳಿದ ಪುಟಗಳನ್ನು ನಾವು ಸಂದೇಹದಿಂದ ಓದಿ ಮುಂದೆ ಸಾಗುತ್ತೇವೆ.